ನೀಲಿ ಪರದೆ ಬಂದ ಮಾತ್ರಕ್ಕೆ ಫಾರ್ಮ್ಯಾಟ್ ಹೊಡೆಸಬೇಡಿ

ಮಳೆ ಹಿಡಿದು ಕರೆಂಟು ಹೋಗಿ ಬಂದು ಮಾಡಲು ಶುರುವಾದರೆ ಚಿಕ್ಕಮಗಳೂರಿನ ಪ್ರಿಂಟಿಂಗ್ ಪ್ರೆಸ್ಸು, ಡಿಟಿಪಿ ಅಂಗಡಿ, ವೇಬ್ರಿಡ್ಜ್‌ಗಳಲ್ಲಿ ಇನ್ನೂ ದುಡಿಯುತ್ತಿರುವ ಎಕ್ಸ್‌ಪಿ, ವಿಂಡೋಸ್ 7 ಕಂಪ್ಯೂಟರ್‌ಗಳು ಒಂದು ದಿನ ಬೆಳಿಗ್ಗೆ ನೀಲಿ ಪರದೆ ತೋರಿಸಿ ನಿಂತುಬಿಡುತ್ತವೆ. ರಿಪೇರಿಯವರ ಬಾಯಲ್ಲಿ ಬರುವುದು ಒಂದೇ ಮಾತು: "ವಿಂಡೋಸ್ ಹೋಗಿದೆ, ಫಾರ್ಮ್ಯಾಟ್ ಹೊಡೀಬೇಕು." ದಯವಿಟ್ಟು ಅಷ್ಟು ಬೇಗ ಹೂಂ ಅನ್ನಬೇಡಿ. ಆ ಡಿಸ್ಕಿನಲ್ಲಿ ಪುಟ ವಿನ್ಯಾಸದ ಪೇಜ್‌ಮೇಕರ್ ಫೈಲುಗಳಿವೆ, ನುಡಿ ತಂತ್ರಾಂಶದಲ್ಲಿ ಕೂಡಿಸಿಟ್ಟ ಲಗ್ನಪತ್ರಿಕೆ, ಕರಪತ್ರಗಳಿವೆ, ಕಾಫಿ ಲಾರಿಗಳ ತೂಕದ ಲೆಕ್ಕವಿದೆ. ಎಷ್ಟೋ ಸಲ ಡಿಸ್ಕಿಗೂ ಏನೂ ಆಗಿರುವುದಿಲ್ಲ, ವಿಂಡೋಸಿಗೂ ಏನೂ ಆಗಿರುವುದಿಲ್ಲ. ಅವೆರಡರ ನಡುವಿನ ಡ್ರೈವರ್, ಅಂದರೆ ಡಿಸ್ಕನ್ನು ಓದಲು ವಿಂಡೋಸಿಗೆ ಬೇಕಾದ ಸಣ್ಣ ಪ್ರೋಗ್ರಾಮ್, ತಪ್ಪಿರುತ್ತದೆ, ಅಷ್ಟೇ.

ಮೊದಲು ನೀಲಿ ಪರದೆಯ ಕೋಡ್ ಓದಿ. ಕಣ್ಣು ಮಿಟುಕಿಸುವಷ್ಟರಲ್ಲಿ ರೀಸ್ಟಾರ್ಟ್ ಆಗುತ್ತಿದ್ದರೆ ಆನ್ ಮಾಡಿದ ತಕ್ಷಣ ಎಫ್8 ಒತ್ತಿ, ಬರುವ ಪಟ್ಟಿಯಲ್ಲಿ ಆಟೋಮ್ಯಾಟಿಕ್ ರೀಸ್ಟಾರ್ಟ್ ನಿಲ್ಲಿಸುವ ಆಯ್ಕೆ ಹಿಡಿಯಿರಿ. ಸ್ಟಾಪ್ ಎಂಬುದರ ಮುಂದಿನ ಸಂಖ್ಯೆ 7ಬಿ ಎಂದು ಮುಗಿದರೆ, ವಿಂಡೋಸ್ ಎದ್ದಿದೆ, ಆದರೆ ತಾನು ಕೂತಿರುವ ಡಿಸ್ಕೇ ಅದಕ್ಕೆ ಸಿಗುತ್ತಿಲ್ಲ ಎಂದರ್ಥ. ಶುರುವಿನಲ್ಲಿ ಡಿಸ್ಕನ್ನು ಓದಿಕೊಡುವುದು ಬಯಾಸ್, ಅಂದರೆ ಮದರ್‌ಬೋರ್ಡಿನಲ್ಲೇ ಇರುವ ಪ್ರೋಗ್ರಾಮ್. ಸ್ವಲ್ಪ ಹೊತ್ತಿಗೆ ವಿಂಡೋಸ್ ತನ್ನದೇ ಡ್ರೈವರ್‌ನಿಂದ ಓದಲು ಹೊರಡುತ್ತದೆ. ಆ ಡ್ರೈವರ್ ಇಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ.

ನಿನ್ನೆ ಇದ್ದ ಡ್ರೈವರ್ ಇವತ್ತು ಎಲ್ಲಿಗೆ ಹೋಯಿತು? ಮದರ್‌ಬೋರ್ಡಿನ ಮೇಲೆ ನಾಲ್ಕಾಣೆ ಅಗಲದ ಒಂದು ಸೆಲ್ ಇದೆ, ಸಿಆರ್2032. ಪ್ಲಗ್ಗಿನಲ್ಲಿ ಕರೆಂಟ್ ಇರುವವರೆಗೆ ಅದಕ್ಕೆ ಕೆಲಸ ಕಡಿಮೆ. ಸಿಡಿಲಿಗೆ ಹೆದರಿ ರಾತ್ರಿ ಪ್ಲಗ್ ಕಿತ್ತಿಡುತ್ತೀರಲ್ಲ, ಅದು ಸರಿಯೇ, ಕಿತ್ತಿಡಲೇಬೇಕು. ಆದರೆ ಆಗ ಗಡಿಯಾರ, ಸೆಟ್ಟಿಂಗ್ ಎಲ್ಲ ಆ ಸೆಲ್ಲಿನ ಮೇಲೆಯೇ ನಿಂತಿರುತ್ತದೆ. ಹಳೇ ಸೆಲ್ ಸತ್ತರೆ ಬಯಾಸ್ ತನ್ನ ಮೂಲ ಸೆಟ್ಟಿಂಗಿಗೆ ಮರಳುತ್ತದೆ. ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗಿದ್ದರೆ ಇದೇ ಕಾರಣ ಅಂತ ತಿಳಿಯಿರಿ. ಆಗ ಸ್ಯಾಟಾ ಮೋಡ್, ಅಂದರೆ ಬೋರ್ಡು ಡಿಸ್ಕಿನ ಜೊತೆ ಮಾತಾಡುವ ರೀತಿ, ಹಳೇ ಐಡಿಇ ಇದ್ದದ್ದು ಹೊಸ ಎಎಚ್‌ಸಿಐ ಆಗಿರಬಹುದು. ಉದಾಹರಣೆಗೆ ಎಚ್61 ಬೋರ್ಡಿನ ಇಂಟೆಲ್ ಚಿಪ್ ಐಡಿಇ ಮೋಡಿನಲ್ಲಿ ತನ್ನ ನಂಬರ್ 1ಸಿ00 ಎನ್ನುತ್ತದೆ, ಎಎಚ್‌ಸಿಐ ಮಾಡಿದರೆ 1ಸಿ02 ಎನ್ನುತ್ತದೆ. ಚಿಪ್ ಅದೇ, ಆದರೆ ವಿಂಡೋಸಿನ ಲೆಕ್ಕದಲ್ಲಿ ಅದು ಬೇರೆಯೇ ಸಾಮಾನು, ಹಳೇ ಡ್ರೈವರ್ ಅದಕ್ಕೆ ಆಗುವುದಿಲ್ಲ.

ಹಾಗಾಗಿ ಸೆಲ್ ಬದಲಿಸಿ. ಮಲ್ಟಿಮೀಟರಿನಲ್ಲಿ 3 ವೋಲ್ಟ್ ಇರಬೇಕು, 2.7ಕ್ಕಿಂತ ಕೆಳಗಿಳಿದಿದ್ದರೆ ಇಟ್ಟುಕೊಳ್ಳಬೇಡಿ. ಬಯಾಸಿಗೆ ಹೋಗಿ ಸ್ಯಾಟಾ ಮೋಡನ್ನು ಮೊದಲಿನಂತೆ ಐಡಿಇ ಮಾಡಿ ಸೇವ್ ಮಾಡಿ. ಕೆಲಸ ಹತ್ತು ನಿಮಿಷದ್ದು.

ಬಯಾಸಿನಲ್ಲೇ ಡಿಸ್ಕಿನ ಹೆಸರು ಕಾಣದಿದ್ದರೆ ಡ್ರೈವರ್ ಮಾತು ಬಿಡಿ, ಸ್ಯಾಟಾ ಕೇಬಲ್, ಪವರ್ ಕೇಬಲ್, ಕೊನೆಗೆ ಡಿಸ್ಕ್ ನೋಡಿ. ಬಯಾಸಿನಲ್ಲಿ ಕಂಡು ವಿಂಡೋಸಿಗೆ ಮಾತ್ರ ಕಾಣದಿದ್ದರೆ ಲಿನಕ್ಸ್ ಲೈವ್ ಪೆನ್‌ಡ್ರೈವಿನಿಂದ (ಇನ್‌ಸ್ಟಾಲ್ ಮಾಡದೆಯೇ ಓಡುವ ಲಿನಕ್ಸ್) ಬೂಟ್ ಮಾಡಿ. ಅದರಲ್ಲಿ ಎಎಚ್‌ಸಿಐ ಡ್ರೈವರ್ ಒಳಗೇ ಇರುತ್ತದೆ. ನಿಮ್ಮ ಫೋಲ್ಡರ್‌ಗಳು ತೆರೆದುಕೊಂಡರೆ ಅವನ್ನೆಲ್ಲ ಆಗಲೇ ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ಮುಂದಿನ ಯಾವ ಪ್ರಯೋಗವಿದ್ದರೂ ಆಮೇಲೆ.

ಸಿಡಿಲಿಗೆ ಬೋರ್ಡೇ ಸುಟ್ಟು, ಬೇರೆ ಬೋರ್ಡಿಗೆ ಎಕ್ಸ್‌ಪಿ ಹೊಸದಾಗಿ ಹಾಕಬೇಕಾಗಿ ಬಂದರೆ ಕಥೆ ಬೇರೆ. ಎಕ್ಸ್‌ಪಿ ಸಿಡಿಯಲ್ಲಿ ಎಎಚ್‌ಸಿಐ ಡ್ರೈವರ್ ಇಲ್ಲವೇ ಇಲ್ಲ. ಬೋರ್ಡಿನಲ್ಲಿ ಐಡಿಇ ಮೋಡ್ ಇದ್ದರೆ ಕಣ್ಣು ಮುಚ್ಚಿ ಅದನ್ನೇ ಇಡಿ. ಎಎಚ್‌ಸಿಐ ಬಿಟ್ಟರೆ ಸ್ಪೀಡ್ ಹೋಗುತ್ತದೆ ಎನ್ನುವವರಿದ್ದಾರೆ. ಪೇಜ್‌ಮೇಕರ್ ಓಡಿಸುವ ಹಾರ್ಡ್‌ಡಿಸ್ಕಿನಲ್ಲಿ ಆ ವ್ಯತ್ಯಾಸ ಯಾರಿಗೂ ಗೊತ್ತಾಗುವುದಿಲ್ಲ.

ಐಡಿಇ ಇಲ್ಲದಿದ್ದರೆ ಎರಡೇ ದಾರಿ. ಒಂದು ಎಫ್6 ಒತ್ತಿ ಡ್ರೈವರ್ ಕೊಡುವುದು. ಸೆಟಪ್ ಶುರುವಿನಲ್ಲಿ ಪರದೆಯ ತಳದಲ್ಲಿ ಎಫ್6 ಒತ್ತಿ ಎಂಬ ಸಾಲು ಕೆಲವೇ ಸೆಕೆಂಡ್ ಬರುತ್ತದೆ. ಒತ್ತಿದ ತಕ್ಷಣ ಏನೂ ಆಗುವುದಿಲ್ಲ, ಫೈಲುಗಳು ಲೋಡ್ ಆಗುತ್ತಲೇ ಇರುತ್ತವೆ. ಎಷ್ಟೋ ಜನ ಕೆಲಸ ಮಾಡಲಿಲ್ಲ ಅಂತ ಕೈಬಿಡುವುದು ಇಲ್ಲೇ. ಕಾಯಿರಿ, ಡ್ರೈವರ್ ಕೇಳುವ ಪರದೆ ಆಮೇಲೆ ಬರುತ್ತದೆ, ಆಗ ಎಸ್ ಒತ್ತಬೇಕು. ಆದರೆ ಅದು ಓದುವುದು ಫ್ಲಾಪಿ ಮಾತ್ರ, ಪೆನ್‌ಡ್ರೈವ್ ಕೇಳುವುದಿಲ್ಲ. ಯುಎಸ್‌ಬಿ ಫ್ಲಾಪಿ ಡ್ರೈವ್‌ಗಳಲ್ಲೂ ಎಲ್ಲವನ್ನೂ ಒಪ್ಪುವುದಿಲ್ಲ. ಒಪ್ಪಿದರೂ, ಫೈಲ್ ಕಾಪಿ ಮಾಡುವಾಗ ಅದೇ ಫ್ಲಾಪಿ ಇನ್ನೊಮ್ಮೆ ಬೇಕು, ತೆಗೆಯಬೇಡಿ.

ಇನ್ನೊಂದು ದಾರಿ ಎನ್‌ಲೈಟ್, ಅಂದರೆ ಎಕ್ಸ್‌ಪಿ ಸಿಡಿಯೊಳಗೇ ಡ್ರೈವರ್ ಸೇರಿಸಿ ಹೊಸ ಸಿಡಿ ಮಾಡಿಕೊಡುವ ಪ್ರೋಗ್ರಾಮ್. ನಾನು ಹೇಳುವುದು ಇದನ್ನೇ. ಸರ್ವಿಸ್ ಪ್ಯಾಕ್ 3 ಇರುವ ಸಿಡಿಯನ್ನು ಪೂರ್ತಿ ಒಂದು ಫೋಲ್ಡರಿಗೆ ಕಾಪಿ ಮಾಡಿ. ಇಂಟೆಲ್ ಬೋರ್ಡಾದರೆ ರ‍್ಯಾಪಿಡ್ ಸ್ಟೋರೇಜ್‌ನ ಎಫ್6 ಫ್ಲಾಪಿ ಜಿಪ್, 32 ಬಿಟ್ಟಿನದ್ದೇ ಬೇಕು. 11.2ರವರೆಗಿನ ಆವೃತ್ತಿಗಳು ಮಾತ್ರ ಎಕ್ಸ್‌ಪಿಗೆ ಆಗುತ್ತವೆ, ಆಮೇಲಿನವು ಬೇಡ. ಜಿಪ್ ಬಿಡಿಸಿ ಐಎ-ಎಎಚ್‌ಸಿಐ ಎಂಬ ಐಎನ್‌ಎಫ್ ಫೈಲನ್ನು ಎನ್‌ಲೈಟ್‌ನಲ್ಲಿ ಸೇರಿಸಿ. ಮೋಡ್ ಕೇಳಿದಾಗ ಟೆಕ್ಸ್ಟ್‌ಮೋಡ್ ಹಿಡಿಯಿರಿ. ಪಿಎನ್‌ಪಿ ಹಿಡಿದರೆ ಡ್ರೈವರ್ ಸಿಡಿಯಲ್ಲಿದ್ದೂ ಸೆಟಪ್ಪಿಗೆ ಸಿಗುವುದಿಲ್ಲ, ಮತ್ತೆ 7ಬಿ. ಪಟ್ಟಿಯಲ್ಲಿ ಡೆಸ್ಕ್‌ಟಾಪ್, ಮೊಬೈಲ್ ಬೇರೆಬೇರೆ ಇರುತ್ತವೆ. ಲ್ಯಾಪ್‌ಟಾಪಿನ ಸಾಲನ್ನು ಡೆಸ್ಕ್‌ಟಾಪಿಗೆ ಹಿಡಿಯಬೇಡಿ.

ವಿಂಡೋಸ್ 7ರಲ್ಲಿ ಎಎಚ್‌ಸಿಐ ಡ್ರೈವರ್ ಇದೆ, ಆದರೆ ಐಡಿಇ ಮೋಡಿನಲ್ಲಿ ಹಾಕಿದ್ದರೆ ಅದು ಮಲಗಿರುತ್ತದೆ. ಐಡಿಇ ಇಲ್ಲದ ಬೋರ್ಡಿಗೆ ಹಳೇ ಡಿಸ್ಕ್ ಹಾಕಿದ್ದೀರಿ, 7ಬಿ ಬಂತು ಎಂದುಕೊಳ್ಳಿ. ಇನ್‌ಸ್ಟಾಲ್ ಡಿಸ್ಕಿನಿಂದ ಬೂಟ್ ಮಾಡಿ, ರಿಪೇರಿಯಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು, ವಿಂಡೋಸಿನ ಸೆಟ್ಟಿಂಗುಗಳ ಕಡತವಾದ ರಿಜಿಸ್ಟ್ರಿಯನ್ನು ತಿದ್ದುವ ರೆಜ್‌ಎಡಿಟ್ ಓಡಿಸಿ. ಲೋಕಲ್ ಮೆಷಿನ್ ಮೇಲೆ ನಿಂತು ಲೋಡ್ ಹೈವ್ ಕೊಟ್ಟು, ಡಿಸ್ಕಿನ ವಿಂಡೋಸ್, ಸಿಸ್ಟಮ್32, ಕಾನ್ಫಿಗ್ ಫೋಲ್ಡರಿನ ಸಿಸ್ಟಮ್ ಫೈಲ್ ತೆರೆಯಿರಿ. ಅಲ್ಲಿ ನಿಮ್ಮ ಸಿ ಡ್ರೈವ್ ಡಿ ಆಗಿ ಕಾಣಬಹುದು, ಗಾಬರಿ ಬೇಡ. ಕರೆಂಟ್ ಕಂಟ್ರೋಲ್ ಸೆಟ್ ಅಂತ ಹುಡುಕಿದರೆ ಸಿಗುವುದಿಲ್ಲ. ಸೆಲೆಕ್ಟ್ ಎಂಬ ಕೀಯಲ್ಲಿ ಕರೆಂಟ್ 1 ಇದ್ದರೆ ಕಂಟ್ರೋಲ್‌ಸೆಟ್001ಕ್ಕೆ ಹೋಗಿ. ಸರ್ವಿಸಸ್‌ನ ಒಳಗೆ ಎಂಎಸ್-ಎಎಚ್‌ಸಿಐ, ಅದರ ಸ್ಟಾರ್ಟ್ 3 ಇದ್ದದ್ದನ್ನು 0 ಮಾಡಿ. ಅನ್‌ಲೋಡ್ ಮಾಡಿ, ರೀಸ್ಟಾರ್ಟ್ ಮಾಡಿ.

ಪೆನ್‌ಡ್ರೈವಿನಿಂದ ವಿಂಡೋಸ್ 7 ಹಾಕುವಾಗ "ಸಿಡಿ/ಡಿವಿಡಿ ಡ್ರೈವರ್ ಇಲ್ಲ" ಎಂದು ಬರುವ ಸಂದೇಶವನ್ನು ನಂಬಿ ಡಿವಿಡಿ ಡ್ರೈವರ್ ಹುಡುಕುತ್ತಾ ಕೂರಬೇಡಿ. ಸಾಮಾನ್ಯವಾಗಿ ತೊಂದರೆ ಇರುವುದು ಯುಎಸ್‌ಬಿ 3ರಲ್ಲಿ. ನೀಲಿ ಪೋರ್ಟಿನಿಂದ ಕಪ್ಪು ಪೋರ್ಟಿಗೆ ಬದಲಿಸಿದರೆ ಹಳೇ ಬೋರ್ಡಿನಲ್ಲಿ ಸರಿಹೋಗುತ್ತದೆ. ಇಂಟೆಲ್ 6ನೇ ತಲೆಮಾರಿನಿಂದ ಈಚೆಗೆ ಆ ಉಪಾಯ ನಡೆಯದು, ಕಪ್ಪು ಪೋರ್ಟ್ ಕೂಡ ಹೊಸ ಕಂಟ್ರೋಲರಿನದ್ದೇ. ಅಲ್ಲಿ ವಿಂಡೋಸಿನದ್ದೇ ಡಿಸ್ಮ್ ಕಮಾಂಡ್ ಉಪಯೋಗಿಸಿ, ಪೆನ್‌ಡ್ರೈವಿನಲ್ಲಿರುವ ಇನ್‌ಸ್ಟಾಲ್ ಫೈಲುಗಳಾದ ಬೂಟ್.ವಿಮ್, ಇನ್‌ಸ್ಟಾಲ್.ವಿಮ್ ಎರಡನ್ನೂ ತಿದ್ದಬೇಕು: ಯುಎಸ್‌ಬಿ 3 ಡ್ರೈವರನ್ನು ಬೂಟ್.ವಿಮ್‌ನ 1, 2 ಎರಡೂ ಇಂಡೆಕ್ಸಿಗೆ, ಇನ್‌ಸ್ಟಾಲ್.ವಿಮ್‌ನಲ್ಲಿ ನಿಮಗೆ ಬೇಕಾದ ಎಡಿಷನ್ನಿಗೆ ಸೇರಿಸಬೇಕು. ಬೂಟ್.ವಿಮ್‌ಗೆ ಮಾತ್ರ ಸೇರಿಸಿದರೆ ಇನ್‌ಸ್ಟಾಲ್ ಮುಗಿದ ಮೇಲೆ ಕೀಬೋರ್ಡ್, ಮೌಸ್ ಎರಡೂ ಅಲ್ಲಾಡುವುದಿಲ್ಲ. ಎನ್‌ವಿಎಂಇ ಡಿಸ್ಕಿಗಾದರೆ (ಸ್ಯಾಟಾ ಬಿಟ್ಟು ಬೇರೆ ದಾರಿಯಲ್ಲಿ ಜೋಡಿಸುವ ಹೊಸ ಎಸ್‌ಎಸ್‌ಡಿ) ಮೈಕ್ರೋಸಾಫ್ಟಿನ ಅಪ್‌ಡೇಟುಗಳಾದ ಕೆಬಿ2990941, ಕೆಬಿ3087873 ಎರಡನ್ನೂ ಇದೇ ರೀತಿ ಸೇರಿಸಬೇಕು. ಇಷ್ಟೆಲ್ಲ ಯಾಕೆ, ವಿಂಡೋಸ್ 7ಕ್ಕೆ ಸ್ಯಾಟಾ ಎಸ್‌ಎಸ್‌ಡಿ ಸಾಕು.

"ಎಲ್ಲ ಡ್ರೈವರ್ ತುಂಬಿದೆ" ಅಂತ ಯಾರೋ ಮಾಡಿಟ್ಟ ಐಎಸ್‌ಒ (ಇನ್‌ಸ್ಟಾಲ್ ಡಿಸ್ಕಿನ ಪ್ರತಿಯಾದ ಫೈಲ್) ಮಾತ್ರ ಹಾಕಬೇಡಿ. ಒಳಗೆ ಇನ್ನೇನು ತುಂಬಿದ್ದಾರೆಂದು ನೋಡುವ ದಾರಿ ನಿಮಗಿಲ್ಲ, ಅದೇ ಮೆಷಿನ್ನಿನಲ್ಲಿ ನಿಮ್ಮ ಲೆಕ್ಕಪತ್ರ ಇರುತ್ತದೆ. ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ ಬೆಂಬಲ ನಿಂತಿದೆ, ಇಂಟರ್‌ನೆಟ್ ಕೇಬಲ್ ಕಿತ್ತೇ ಇಡಿ.

ಬರೀ ಪೇಜ್‌ಮೇಕರ್ ಸಲುವಾಗಿ ಎಕ್ಸ್‌ಪಿ ಬೇಕಿದ್ದರೆ ಹೊಸ ಕಂಪ್ಯೂಟರಿನಲ್ಲಿ ವರ್ಚುವಲ್‌ಬಾಕ್ಸ್ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ಪ್ರೋಗ್ರಾಮ್) ಹಾಕಿ, ಹಳೇ ಡಿಸ್ಕಿನ ಇಮೇಜನ್ನು, ಅಂದರೆ ಪೂರ್ತಿ ಪ್ರತಿಯನ್ನು, ಅದರಲ್ಲೇ ಓಡಿಸಿ. ಅಲ್ಲೂ ಸ್ಟೋರೇಜ್ ಕಂಟ್ರೋಲರ್ ಸ್ಯಾಟಾ ಅಂತ ಕೊಟ್ಟರೆ ಅದೇ 7ಬಿ ಬರುತ್ತದೆ. ಐಡಿಇ ಕಂಟ್ರೋಲರ್ ಸೇರಿಸಿ, ಅದರ ಬಗೆಯಲ್ಲಿ ಪಿಐಐಎಕ್ಸ್4 ಹಿಡಿದು, ಡಿಸ್ಕನ್ನು ಅದಕ್ಕೆ ಜೋಡಿಸಿ.