ಸ್ಪಷ್ಟನೆ: ಸ್ಟೀವ್ ಇರ್ವಿನ್ ಅವರ ಸಾವಿನ ಬಗೆಗಿನ ಸಂದೇಶ ಸರಿಯಲ್ಲ

ಆಸ್ಟ್ರೇಲಿಯಾದ ವನ್ಯಜೀವಿ ಸಂರಕ್ಷಕ ಸ್ಟೀವ್ ಇರ್ವಿನ್ ಅವರು ಎದೆಗೆ ನಾಟಿದ ತೊರಕೆ ಮೀನಿನ (ಸ್ಟಿಂಗ್‌ರೇ) ಬಾಲದ ಮುಳ್ಳನ್ನು ತಾವೇ ಕಿತ್ತುಕೊಂಡು ಮೃತಪಟ್ಟರೆಂಬ ಬರಹವೊಂದು, ಅವರ ಕೊನೆಯ ಕ್ಷಣಗಳದ್ದೆನ್ನಲಾದ ವಿಡಿಯೊದೊಂದಿಗೆ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಎರಡೂ ತಪ್ಪು.

ಘಟನೆ ನಡೆದದ್ದು 2006ರ ಸೆಪ್ಟೆಂಬರ್ 4ರಂದು, ಕ್ವೀನ್ಸ್‌ಲ್ಯಾಂಡ್ ಕರಾವಳಿಯ ಬ್ಯಾಟ್ ರೀಫ್‌ನಲ್ಲಿ. ಮುಳ್ಳು ಕಿತ್ತ ಮಾತು ಆರಂಭದ ಪತ್ರಿಕಾ ವರದಿಗಳಲ್ಲಿ ಬಂದದ್ದು ನಿಜ. ಆದರೆ ಮೀನು ಬಾಲದಿಂದ ಮತ್ತೆ ಮತ್ತೆ ಇರಿಯಿತೆಂದೂ ಇರ್ವಿನ್ ಮುಳ್ಳನ್ನು ಕೀಳಲಿಲ್ಲವೆಂದೂ ಅಲ್ಲಿಯೇ ಇದ್ದ ಛಾಯಾಗ್ರಾಹಕ ಜಸ್ಟಿನ್ ಲಯನ್ಸ್ 2014ರ ಟಿ.ವಿ. ಸಂದರ್ಶನದಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ಕಣ್ಣಾರೆ ಕಂಡವರ ಈ ಮಾತೇ ನಂಬಲರ್ಹ. ಅಂದಿನ ಮೂಲ ದೃಶ್ಯಾವಳಿ ಸಾರ್ವಜನಿಕವಾಗಿ ಬಿಡುಗಡೆಯಾಗಿಯೇ ಇಲ್ಲ.

1992ರಲ್ಲಿ ಮದುವೆಯಾದ ಇರ್ವಿನ್ ಮತ್ತು ಟೆರ್ರಿ ದಂಪತಿ ಮಧುಚಂದ್ರದ ದಿನಗಳನ್ನೂ ಮೊಸಳೆಗಳ ಸ್ಥಳಾಂತರಕ್ಕೇ ಮೀಸಲಿಟ್ಟವರು. ಹೆಂಡತಿ ಮಕ್ಕಳನ್ನು ಕಾಡಿನ ಕೆಲಸದಿಂದ ಅವರು ಎಂದೂ ಬೇರೆಯಾಗಿ ನೋಡಲಿಲ್ಲ. ತಂದೆ ತೀರಿಕೊಂಡಾಗ ಬಿಂಡಿಗೆ ಎಂಟು ವರ್ಷ, ರಾಬರ್ಟ್‌ಗೆ ಎರಡು. ಇಂದು ಬೀರ್ವಾದ ಆಸ್ಟ್ರೇಲಿಯಾ ಜೂನಲ್ಲಿ ಅದೇ ಕೆಲಸ ಮುಂದುವರಿಸಿರುವ ಆ ಕುಟುಂಬದ ಮೇಲಿನ ಗೌರವದಿಂದಲಾದರೂ, ದಯವಿಟ್ಟು ಆ ಸಂದೇಶವನ್ನೂ ವಿಡಿಯೊವನ್ನೂ ಯಾರಿಗೂ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಈ ಸ್ಪಷ್ಟನೆಯನ್ನು ಅಲ್ಲಿಗೇ ತಲುಪಿಸಿ.