ಕೈ ಹಿಂದೆ ಕಟ್ಟಿಕೊಂಡು ನಿಂತವರು

ಮಗಳು ಕಾಲೇಜಿಗೆ ಹೋಗದೆ ಮೂರೂವರೆ ವರ್ಷದ ಮೆಕ್ಯಾನಿಕ್ ತರಬೇತಿಗೆ ಸೇರಿದ ಸುದ್ದಿಯನ್ನು ಇಳಕಲ್ಲಿಗೆ ಫೋನ್ ಮಾಡಿ ಹೇಳಿದಾಗ ಕಾಕಾ ಸ್ವಲ್ಪ ಹೊತ್ತು ಮಾತನಾಡಲೇ ಇಲ್ಲ. ಆಮೇಲೆ ಹೇಳಿದರು: "ತಮ್ಮಾ, ಅಣ್ಣ ಮಗ್ಗ ಮಾರಿ ನಿನ್ನನ್ನು ಇಂಜಿನಿಯರ್ ಮಾಡಿದ. ನೀನು ಅಷ್ಟು ದೂರ ಹೋಗಿ ಮಗಳ ಕೈಗೆ ಅರ ಕೊಟ್ಟೆಯಲ್ಲ."

ಆ ರಾತ್ರಿ ನಿದ್ದೆ ಬರಲಿಲ್ಲ. ಅಪ್ಪ ಮಗ್ಗ ಮಾರಿದ್ದು ಸುಳ್ಳಲ್ಲ. ಕಾಕಾನಿಗೆ ಕೊಡಬೇಕಾದ ಉತ್ತರ ನನಗೆ ಹೊಳೆದದ್ದು ಎರಡು ತಿಂಗಳ ನಂತರ, ಪಾಲಕರಿಗೆಂದು ತರಬೇತಿ ಕಾರ್ಯಾಗಾರವನ್ನು ತೆರೆದಿಟ್ಟಿದ್ದ ಒಂದು ಶನಿವಾರ. ನಾವು ಇರುವುದು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರದ ಒಂದು ಸಣ್ಣ ಊರಿನಲ್ಲಿ. ಮಗಳು ಅಂಗೈಯಷ್ಟು ದೊಡ್ಡ ಉಕ್ಕಿನ ತುಂಡೊಂದನ್ನು ಮೇಜಿಗೆ ಬಿಗಿದ ವೈಸ್ ಹಿಡಿಕೆಯಲ್ಲಿ ಸಿಕ್ಕಿಸಿಕೊಂಡು ಅರದಿಂದ ಉಜ್ಜುತ್ತಿದ್ದಳು. ಅದೇ ತುಂಡಿನ ಮೇಲೆ ಮೂರನೆಯ ವಾರ. ಉಜ್ಜುವುದು, ಮೂಲೆಮಟ್ಟವನ್ನು ಅದರ ಮೇಲಿಟ್ಟು, ಸಂದಿಯಲ್ಲಿ ಬೆಳಕು ನುಸುಳುತ್ತದೆಯೇ ಎಂದು ಕಿಟಕಿಗೆ ಹಿಡಿದು ನೋಡುವುದು, ಮತ್ತೆ ಉಜ್ಜುವುದು. ಅವಳ ಹಿಂದೆ ತರಬೇತುದಾರರು ನಿಂತಿದ್ದರು, ಐವತ್ತು ದಾಟಿದ ಗಟ್ಟಿ ಆಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು.

ಮಗಳು ತುಂಡನ್ನು ಅವರತ್ತ ಚಾಚಿದಳು. ಅವರು ತೆಗೆದುಕೊಳ್ಳಲಿಲ್ಲ.

"ಬೆಳಕು ಎಲ್ಲಿ ಕಾಣುತ್ತಿದೆ?"

"ಎರಡೂ ಅಂಚಿನಲ್ಲಿ."

"ಹಾಗಾದರೆ ಉಬ್ಬು ಎಲ್ಲಿದೆ?"

"ನಡುವೆ."

"ಅರ ನಿನ್ನ ಕೈಯಲ್ಲಿ ಹೇಗೆ ಹೋಗುತ್ತಿದೆ, ನೋಡು."

ಅವಳು ಒತ್ತದೆ, ನಿಧಾನವಾಗಿ ಅರವನ್ನು ಹಿಂದೆ ಮುಂದೆ ಆಡಿಸಿದಳು. ಮೊದಲಿಗೆ ಹಿಡಿ ಬಾಗುತ್ತಿತ್ತು, ಕೊನೆಗೆ ಮೂತಿ ಬಾಗುತ್ತಿತ್ತು. ತಕ್ಕಡಿಯಂತೆ ತೂಗುತ್ತಿದೆ ಎಂದು ಅವಳೇ ಹೇಳಿದಳು. ಕಾಲುಗಳನ್ನು ಸ್ವಲ್ಪ ಅಗಲಿಸಿ ನಿಂತು ಮತ್ತೆ ಶುರು ಮಾಡಿದಳು.

ನನಗೆ ತಡೆಯಲಾಗಲಿಲ್ಲ. ಒಮ್ಮೆ ಮಾಡಿ ತೋರಿಸಬಾರದೇ ಎಂದು ಪಕ್ಕಕ್ಕೆ ಕರೆದು ಕೇಳಿದೆ. ಮೊದಲ ದಿನವೇ ಮೂರು ಸಲ ತೋರಿಸಿದ್ದೇನೆ, ಈಗ ನಾನು ಕೈ ಹಾಕಿದರೆ ತುಂಡು ನೆಟ್ಟಗಾಗುತ್ತದೆ, ಆದರೆ ಅದು ನನ್ನ ತುಂಡಾಗುತ್ತದೆ ಎಂದರು. ಕೈ ಕಟ್ಟಿಕೊಂಡು ನಿಲ್ಲುವುದನ್ನು ಕಲಿಯಲು ತಮಗೆ ಹೆಚ್ಚು ವರ್ಷ ಹಿಡಿಯಿತು, ಯಂತ್ರದ ಕೆಲಸ ಅದಕ್ಕಿಂತ ಬೇಗ ಬಂತು ಎಂದೂ ಹೇಳಿದರು.

ಆ ದೇಶದಲ್ಲಿ ಕೆಲಸ ಬಲ್ಲವನು ಎಂಬ ಮಾತ್ರಕ್ಕೆ ಯಾರೂ ತರಬೇತುದಾರನಾಗುವುದಿಲ್ಲ. ಕಲಿಸಲು ಬರುತ್ತದೆಯೇ ಎಂದು ನೋಡುವ ಬೇರೆಯೇ ಪರೀಕ್ಷೆ ಇದೆ. ಕೈಕಸುಬಿನವರು 'ಮೈಸ್ಟರ್', ಅಂದರೆ ಪಳಗಿದ ಕಸುಬುದಾರ, ಎನಿಸಿಕೊಳ್ಳುವ ಪರೀಕ್ಷೆಯ ನಾಲ್ಕು ಭಾಗಗಳಲ್ಲಿ ಒಂದು ಇಡೀ ಭಾಗ ಕಲಿಸುವ ವಿದ್ಯೆಗೇ ಮೀಸಲು. ತರಬೇತುದಾರರ ಈ ಪರೀಕ್ಷೆಯ ಕಡ್ಡಾಯವನ್ನು 2003ರಲ್ಲಿ ತಾತ್ಕಾಲಿಕವಾಗಿ ಕೈಬಿಟ್ಟರು. ಹಾಗಾದರೂ ಹೆಚ್ಚು ಕಾರ್ಖಾನೆಗಳು ಹುಡುಗರನ್ನು ತೆಗೆದುಕೊಂಡಾವು ಎಂಬ ಆಸೆಯಿಂದ. 2009ರಲ್ಲಿ ಮತ್ತೆ ಜಾರಿಗೆ ತಂದರು. ಕಲಿತವರನ್ನು ಪರೀಕ್ಷಿಸುವ ಸಮಿತಿಯಲ್ಲಿ ಮಾಲೀಕರ ಕಡೆಯವರೂ ಕೆಲಸಗಾರರ ಕಡೆಯವರೂ ಸಮಸಂಖ್ಯೆಯಲ್ಲಿ ಇರಬೇಕು, ಒಬ್ಬರಾದರೂ ವೃತ್ತಿಶಾಲೆಯ ಶಿಕ್ಷಕರಿರಬೇಕು ಎಂಬುದು ಅಲ್ಲಿನ ಕಾಯ್ದೆ. ಹುಡುಗಿ ಮಾಡಿದ ತುಂಡನ್ನು ಕೈಯಲ್ಲಿ ಹಿಡಿದು ನೋಡುವವರು ಸ್ವತಃ ಅದೇ ಕೆಲಸ ಮಾಡಿದವರು.

ಆ ಶನಿವಾರ ಮನೆಗೆ ಬರುವಾಗ ದಾರಿಯುದ್ದಕ್ಕೂ ನನಗೆ ನೆನಪಾದದ್ದು ಅಜ್ಜ.

ನಮ್ಮ ಮನೆಯ ಪಡಸಾಲೆಯಲ್ಲಿ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಎರಡು ಕುಣಿ ಮಗ್ಗಗಳಿದ್ದವು. ಅಜ್ಜ ನೇಯುತ್ತಿದ್ದುದು ಟೋಪ ತೆನಿ ಸೆರಗಿನ ಸೀರೆ. ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕುಣಿಕೆ ಹಾಕಿ ಕೂಡಿಸಬೇಕು. ಮೂರು ಲಾಳಿ ಇಟ್ಟುಕೊಂಡು ಕೊಂಡಿ ಹಾಕಿ ಸೀರೆಯ ಅಂಚಿನ ದಡಿ ನೇಯುವಾಗ ದಡಿಯ ಬಣ್ಣ ಒಡಲಿಗೆ ಒಂದು ಎಳೆಯಷ್ಟೂ ಹರಿಯಕೂಡದು. ಅಜ್ಜನ ದಡಿ ಗೆರೆ ಎಳೆದ ಹಾಗಿರುತ್ತಿತ್ತು. ಅವರಷ್ಟು ನಿಖರವಾಗಿ ಕೈ ಆಡುವವರನ್ನು ನಾನು ಇಪ್ಪತ್ತೆರಡು ವರ್ಷ ಯಂತ್ರಗಳ ನಡುವೆ ಕಳೆದರೂ ಕಂಡಿಲ್ಲ.

ಹನ್ನೆರಡು ವರ್ಷದವನಿದ್ದಾಗ ಬೇಸಿಗೆ ರಜೆಯಲ್ಲಿ ನನ್ನನ್ನು ಮಗ್ಗಕ್ಕೆ ಕೂರಿಸಿದರು. ಅರ್ಧ ಗೇಣು ನೇಯುವಷ್ಟರಲ್ಲಿ ದಡಿ ಒಳಗೆ ಸರಿಯತೊಡಗಿತು. ಅಜ್ಜ ಬಂದು ನೋಡಿ, ರಟ್ಟೆ ಹಿಡಿದು ನನ್ನನ್ನು ಕುಣಿಯಿಂದ ಎಬ್ಬಿಸಿ ತಾವು ಇಳಿದರು. ಅಷ್ಟೂ ಬಿಚ್ಚಿದರು. ಮತ್ತೆ ನೇಯ್ದರು. "ಹೀಗೆ" ಎಂದರು. ನಾನು ಮತ್ತೆ ಕುಳಿತೆ, ದಡಿ ಮತ್ತೆ ಸರಿಯಿತು, ಅಜ್ಜ ಮತ್ತೆ ಎಬ್ಬಿಸಿದರು. "ಹೀಗೆ, ತಮ್ಮಾ, ಹೀಗೆ." ಎಳೆಯನ್ನು ಎಷ್ಟು ಬಿಗಿ ಬಿಡಬೇಕು ಎಂದು ಕೇಳಿದೆ. ಹದವಾಗಿ ಎಂದರು. ಹದ ಎಂದರೆ ಎಷ್ಟು ಎಂದು ಕೇಳಿದ್ದಕ್ಕೆ, ನೋಡಿ ಕಲಿ ಎಂದರು. ರಜೆ ಮುಗಿಯಿತು.

ಲಾಳಿ ಎಸೆದ ಮೇಲೆ ನಾನು ಹೊಕ್ಕಿನ ಅಡ್ಡ ಎಳೆಯನ್ನು ಜಗ್ಗುತ್ತಿದ್ದೆ, ಅದಕ್ಕೇ ದಡಿ ಒಳಸರಿಯುತ್ತಿತ್ತು. ಇದು ನನಗೆ ಗೊತ್ತಾದದ್ದು ಮೂವತ್ತು ವರ್ಷ ದಾಟಿದ ಮೇಲೆ, ಬೇರೆ ಊರಿನ ಬೇರೆ ಮಗ್ಗವೊಂದರ ಮುಂದೆ ನಿಂತಾಗ. ಒಂದು ವಾಕ್ಯದ ಮಾತು. ಆ ಒಂದು ವಾಕ್ಯ ಹೇಳಿದ್ದರೆ ನಾನು ನೇಕಾರನಾಗುತ್ತಿದ್ದೆ ಎಂದು ಹೇಳಲಾರೆ. ಆದರೆ ನನಗೆ ಕೈ ಇಲ್ಲ, ಇವನು ಓದುವುದಕ್ಕೇ ಲಾಯಕ್ಕು ಎಂದು ಮನೆಯವರೆಲ್ಲ ತೀರ್ಮಾನಿಸಿದ್ದು, ನಾನೂ ಅದನ್ನು ನಂಬಿದ್ದು ಆ ಬೇಸಿಗೆಯಲ್ಲಿ.

ಹದ ಎಂಬ ಶಬ್ದವನ್ನು ನಾನು ಪ್ರೀತಿಸುತ್ತೇನೆ. ಭೂಮಿಗೆ ಹದ, ರೊಟ್ಟಿಯ ಹಿಟ್ಟಿಗೆ ಹದ, ಮಗ್ಗದ ಹಾಸಿನ ಎಳೆಗೆ ಹಾಕುವ ಗಂಜಿಗೆ ಹದ. ಆದರೆ ಕಲಿಸುವವನ ಬಾಯಲ್ಲಿ ಅದು ಬಾಗಿಲಿಗೆ ಹಾಕಿದ ಅಗುಳಿ. ಓದು ಮುಗಿದ ಹೊಸದರಲ್ಲಿ ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಎಂಟು ತಿಂಗಳು ಇದ್ದೆ. ಅಲ್ಲಿ ಅಚ್ಚು ಕಟ್ಟುವ ಹಿರಿಯರೊಬ್ಬರು ಮರಳನ್ನು ಮುಷ್ಟಿಯಲ್ಲಿ ಹಿಂಡಿ, ಮುದ್ದೆಯನ್ನು ಎರಡು ತುಂಡು ಮಾಡಿ, ಮುರಿದ ಅಂಚನ್ನು ನೋಡಿ ನೀರು ಸಾಕು ಅಥವಾ ಸಾಲದು ಎಂದುಬಿಡುತ್ತಿದ್ದರು. ಏನು ನೋಡಿದಿರಿ ಎಂದು ಎಷ್ಟು ಸಲ ಕೇಳಿದರೂ ನಕ್ಕು, ಬರುತ್ತದೆ ಬಿಡಪ್ಪಾ ಎನ್ನುತ್ತಿದ್ದರು. ಅವರು ನಿವೃತ್ತರಾದ ಮೇಲೆ ಎರಕದ ಗುಳ್ಳೆಗಳನ್ನು ಎಣಿಸುತ್ತಾ ಕೂರುವ ಕೆಲಸ ಉಳಿದವರ ಪಾಲಿಗೆ ಬಂತು. ಅವರು ಮುಚ್ಚಿಟ್ಟರು ಎಂದು ನಾನು ಹೇಳುವುದಿಲ್ಲ. ಹೇಳಲು ಅವರಿಗೆ ಯಾರೂ ಕಲಿಸಿರಲಿಲ್ಲ, ಅವರ ಗುರುವೂ ಅವರನ್ನು ಹಾಗೆಯೇ ಎಬ್ಬಿಸಿ ಕೂರಿಸಿದ್ದಿರಬೇಕು.

ಮಾತು ಬಲ್ಲವರ ಕಡೆ ಹೋದರೆ ಅಲ್ಲಿ ಕೈಯೇ ಇಲ್ಲ. ಅಕ್ಕನ ಮಗ ನಮ್ಮ ಜಿಲ್ಲೆಯದೇ ಒಂದು ಸಂಸ್ಥೆಯಲ್ಲಿ ಎರಡು ವರ್ಷದ ಫಿಟ್ಟರ್ ಐಟಿಐ ಮುಗಿಸಿದ. ಅವನ ರೆಕಾರ್ಡ್ ಪುಸ್ತಕವನ್ನು ನಾನು ನೋಡಿದ್ದೇನೆ. ಅರದ ಹಲ್ಲಿನ ಚಿತ್ರ, ಮೂಲೆಮಟ್ಟದ ಚಿತ್ರ, ವಿ ಬ್ಲಾಕಿನ ಚಿತ್ರ, ಎಲ್ಲಕ್ಕೂ ಕೆಂಪು ಶಾಯಿಯ ಸಹಿ. ಮುದ್ದಾದ ಅಕ್ಷರ. ಎರಡು ವರ್ಷದಲ್ಲಿ ಎಷ್ಟು ದಿನ ಅರ ಹಿಡಿದೆ ಎಂದು ಕೇಳಿದರೆ ತಲೆ ತಗ್ಗಿಸಿದ. ಇಡೀ ತಂಡಕ್ಕೆ ನೆಟ್ಟಗಿದ್ದ ವೈಸ್ ಹಿಡಿಕೆಗಳು ನಾಲ್ಕೋ ಐದೋ. ಪ್ರಾಯೋಗಿಕ ಪರೀಕ್ಷೆಯ ದಿನ ಹಿಂದಿನ ವರ್ಷದವರ ತುಂಡುಗಳನ್ನೇ ತಿಕ್ಕಿ ಇಟ್ಟಿದ್ದರಂತೆ. ಪ್ರಮಾಣಪತ್ರದಲ್ಲಿ ಮಾತ್ರ ಪ್ರಥಮ ದರ್ಜೆ. ಶಿಶಿಕ್ಷುಗಳ (ಅಪ್ರೆಂಟಿಸ್) ಕಾಯ್ದೆ ನಮ್ಮಲ್ಲಿ 1961ರಿಂದ ಇದೆ. ಜರ್ಮನಿಯವರ ಈಗಿನ ಕಾಯ್ದೆ ಮೊದಲು ಬಂದದ್ದು 1969ರಲ್ಲಿ. ಕಾಗದದ ಮೇಲೆ ನಾವೇ ಎಂಟು ವರ್ಷ ಮುಂದೆ.

ಈಗಿನ ಹುಡುಗರಿಗೆ ತಾಳ್ಮೆ ಇಲ್ಲ, ಅದಕ್ಕೇ ಮಗ್ಗ ಬಿಟ್ಟರು ಎಂದು ಊರಿಗೆ ಹೋದಾಗಲೆಲ್ಲ ಕೇಳುತ್ತೇನೆ. ನನಗೆ ಸಿಟ್ಟು ಬರುತ್ತದೆ. ವಿದ್ಯುತ್ ಮಗ್ಗದ ಸೀರೆ ಅರ್ಧಕ್ಕರ್ಧ ಬೆಲೆಗೆ ಪಕ್ಕದ ಅಂಗಡಿಯಲ್ಲಿ ತೂಗುತ್ತಿರುವಾಗ, ಹದ ಎಂಬ ಒಂದೇ ಶಬ್ದವನ್ನು ಕೇಳಿಕೊಂಡು ಹತ್ತು ವರ್ಷ ಕುಣಿಯಲ್ಲಿ ಕಾಲಿಟ್ಟು ಕೂರು ಎಂದರೆ ಯಾವ ಹುಡುಗ ಕೂರುತ್ತಾನೆ? ಹತ್ತು ವರ್ಷದ್ದನ್ನು ಮೂರು ವರ್ಷಕ್ಕೆ ಇಳಿಸಲು ಬರುತ್ತದೆ. ಕಲಿಸುವವನು ತನ್ನ ಕೈ ಏನು ಮಾಡುತ್ತಿದೆ ಎಂಬುದನ್ನು ತಾನೇ ನಿಂತು ನೋಡಿ ಅದಕ್ಕೆ ಮಾತು ಹುಡುಕಬೇಕು. ಆ ಹುಡುಕಾಟಕ್ಕೆ ಸಂಬಳ ಕೊಡಬೇಕು. ಇಳಕಲ್ಲಿನ ನೇಕಾರನಿಗೆ ನಾವು ಶಾಲು ಹೊದಿಸಿದ್ದೇವೆ. ನಿನಗೆ ಬಂದದ್ದನ್ನು ಇನ್ನೊಬ್ಬರಿಗೆ ಹೇಳಿಕೊಡುವುದು ಹೇಗೆಂದು ಅವನ ಜೊತೆ ಒಂದು ವಾರ ಕೂತವರನ್ನು ನಾನು ಕಂಡಿಲ್ಲ.

ನಮ್ಮ ನೆಲದವರಿಗೆ ಅಂಥ ಗುರು ಸಿಕ್ಕಿಲ್ಲವೆಂದಲ್ಲ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಬಾಲ್ಯದಲ್ಲೇ ದೊಡ್ಡ ದೊಡ್ಡ ಗಾಯಕರ ಧ್ವನಿಮುದ್ರಿಕೆಗಳನ್ನು ಕೇಳಿ ಹಾಗೆಯೇ ಹಾಡಿಬಿಡುತ್ತಿದ್ದರು. ಆ ಹುಡುಗನನ್ನು ಮುಂಬಯಿಯಲ್ಲಿ ತಿದ್ದಿದ ಬಿ.ಆರ್. ದೇವಧರರು ಒಂದೇ ಘರಾಣೆಯ, ಅಂದರೆ ಒಂದೇ ಗಾಯನ ಪರಂಪರೆಯ, ಗೋಡೆಯೊಳಗೆ ಕೂರಿಸಲಿಲ್ಲ. ಹಲವು ಘರಾಣೆಗಳ ಸಂಗೀತಕ್ಕೆ ಕಿವಿ ತೆರೆಯುವಂತೆ ಮಾಡಿದರು. ದೇವಧರರು ಪಾಶ್ಚಾತ್ಯ ಸಂಗೀತವನ್ನೂ ಅಭ್ಯಾಸ ಮಾಡಿದ್ದವರು, ಸಂಗೀತ ಶಾಲೆ ನಡೆಸಿದವರು. ಅನುಕರಣೆಯಲ್ಲಿ ಅಷ್ಟು ಪಳಗಿದ್ದ ಹುಡುಗ ಮುಂದೆ ಯಾರನ್ನೂ ಹೋಲದೆ ಹಾಡಿದ. ನೋಡಿ ಕಲಿ, ಕೇಳಿ ಕಲಿ ಎಂದಷ್ಟೇ ಬಿಟ್ಟಿದ್ದರೆ ಹಾಗಾಗುತ್ತಿತ್ತೆಂದು ನನಗನ್ನಿಸುವುದಿಲ್ಲ.

ಇಷ್ಟೆಲ್ಲ ಬರೆದ ಮೇಲೆ ಹೇಳಲೇಬೇಕಾದ ಮಾತುಗಳೂ ಇವೆ. ನಾವಿರುವ ರಾಜ್ಯದಲ್ಲಿ ನಾಲ್ಕನೆಯ ತರಗತಿ ಮುಗಿಯುತ್ತಲೇ, ಸುಮಾರು ಹತ್ತು ವರ್ಷಕ್ಕೆ, ಮಗು ಯಾವ ಬಗೆಯ ಶಾಲೆಗೆ ಹೋಗಬೇಕೆಂದು ಶಿಕ್ಷಕರು ಶಿಫಾರಸು ಬರೆಯುತ್ತಾರೆ. ವಲಸೆ ಬಂದವರ ಮಕ್ಕಳಿಗೆ ಆ ಕಾಗದ ಎಷ್ಟು ಭಾರವಾಗುತ್ತದೆಂದು ನನ್ನ ಮನೆಯಲ್ಲೇ ಕಂಡಿದ್ದೇನೆ. ಮತ್ತೆ, ಅಜ್ಜನ ಕಿವಿ. ಅಡುಗೆಮನೆಯಲ್ಲಿ ಊಟಕ್ಕೆ ಕುಳಿತಿದ್ದಾಗಲೂ ಪಡಸಾಲೆಯಲ್ಲಿ ಕಾಕಾನ ಮಗ್ಗದ ಸದ್ದು ಕೇಳಿ, ಎಳೆ ಹರಿದಿದೆ ನೋಡು ಎಂದು ಅಲ್ಲಿಂದಲೇ ಕೂಗುತ್ತಿದ್ದರು. ಕಂಡಿಕೆ ಸುತ್ತುತ್ತ, ಮಗ್ಗದ ಸದ್ದಿನಲ್ಲೇ ನಿದ್ದೆ ಮಾಡುತ್ತ ಬೆಳೆದ ಕಿವಿ ಅದು. ಹದಿನೇಳಕ್ಕೆ ಶುರುವಾಗುವ ಯಾವ ತರಬೇತಿಯೂ ಅದನ್ನು ಕೊಡಲಾರದು. ನನ್ನ ಮಗಳಿಗೂ ಕೊಡುವುದಿಲ್ಲ.

ಕಳೆದ ಸಲ ಊರಿಗೆ ಹೋದಾಗ ಮಗಳು ಆ ಉಕ್ಕಿನ ತುಂಡನ್ನು ಅಜ್ಜಿಗೆ ತೋರಿಸು ಎಂದು ನನ್ನ ಚೀಲದಲ್ಲಿ ಹಾಕಿದ್ದಳು. ಆ ದಿನ ಅವ್ವ ಕಟ್ಟೆಯ ಮೇಲೆ ಕುಳಿತು ಅಕ್ಕನ ಮೊಮ್ಮಗಳಿಗೆ ಕಸೂತಿ ಹೇಳಿಕೊಡುತ್ತಿದ್ದಳು. ಹಿಂದೆ ಮುಂದೆ ಒಂದೇ ರೀತಿ ಕಾಣಬೇಕಾದ ಗವಂತಿ ಹೊಲಿಗೆ, ಗೋಪುರದ ಚಿತ್ತಾರ. ಹುಡುಗಿ ಎಲ್ಲೋ ಎಡವಿ ಬಟ್ಟೆಯನ್ನು ಅವ್ವನ ಮಡಿಲಿಗೆ ಹಾಕಿದಳು. ಅವ್ವ ಸೂಜಿ ಮುಟ್ಟಲಿಲ್ಲ. ಬಟ್ಟೆಯ ಹಿಂಬದಿಯನ್ನು ಮೇಲೆ ಮಾಡಿ ಹುಡುಗಿಯ ಮುಂದೆ ಹಿಡಿದಳು. "ಎಲ್ಲಿ ತಪ್ಪಿತು, ನೀನೇ ಹೇಳು. ಇಲ್ಲಿ ಎಷ್ಟು ಎಳೆ ಎಣಿಸಿದೆ?" ಹುಡುಗಿ ಬೆರಳಿಟ್ಟು ಎಣಿಸಿದಳು. ನಾಲ್ಕು ಇರಬೇಕಾದಲ್ಲಿ ಐದು.

ನಾನು ಚಿಕ್ಕವನಿದ್ದಾಗ ಅಕ್ಕನಿಗೂ ಅವ್ವ ಇದೇ ಕಟ್ಟೆಯ ಮೇಲೆ ಹೀಗೆಯೇ ಕಲಿಸಿದ್ದಳು. ನೂರು ಸಲ ನೋಡಿದ್ದೆ. ಅದನ್ನು ಕಲಿಸುವುದು ಎಂದು ನಮ್ಮ ಮನೆಯಲ್ಲಿ ಯಾರೂ ಕರೆದಿರಲಿಲ್ಲ, ನಾನೂ ಕರೆದಿರಲಿಲ್ಲ. ಹೆಂಗಸರ ಕೆಲಸ, ಮಧ್ಯಾಹ್ನದ ಬಿಡುವಿನ ಕೆಲಸ. ನಮ್ಮಲ್ಲಿ ಕಲಿಸುವವರೇ ಇಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಬಂದ ನಾನು ಆ ಕಟ್ಟೆಯ ಲೆಕ್ಕವನ್ನೇ ಹಿಡಿದಿರಲಿಲ್ಲ.

ತುಂಡನ್ನು ಅವ್ವನ ಕೈಗೆ ಕೊಟ್ಟೆ. ಮೊಮ್ಮಗಳು ಉಜ್ಜಿ ಮಾಡಿದ್ದು ಎಂದೆ. ಕಾಕಾ ಕೂಡ ಬಾಗಿಲಲ್ಲಿ ಬಂದು ನಿಂತಿದ್ದರು. ಅವ್ವ ಮೇಲ್ಭಾಗವನ್ನು ನೋಡಲೇ ಇಲ್ಲ. ತುಂಡನ್ನು ಬೋರಲು ಹಾಕಿ, ಅಡಿಯ ಮೂಲೆಯ ಮೇಲೆ ಉಗುರು ಎಳೆದು, ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಎಳೆದಳು. ಆಮೇಲೆ ಅದನ್ನು ಕಾಕಾನತ್ತ ಚಾಚಿ, "ಹಿಂದಿನ ಮಗ್ಗುಲು ನೋಡು" ಎಂದಳು.