ದಂಡು ಹೊರಡುವ ದಿನ ಯಾರು ಹೇಳಬೇಕು?

ಬೆಂಗಳೂರಿನ ಕಂಟೋನ್ಮೆಂಟ್ ಸ್ಟೇಷನ್ನನ್ನು ನಮ್ಮಜ್ಜಿ ಕೊನೆಯವರೆಗೂ 'ದಂಡು' ಅಂತಲೇ ಕರೆಯುತ್ತಿದ್ದರು. ಅದು ಯಾರ ದಂಡು ಅಂತ ಚಿಕ್ಕಂದಿನಲ್ಲಿ ನಾನು ಕೇಳಲೇ ಇಲ್ಲ. 1799ರಲ್ಲಿ ಟಿಪ್ಪು ಸತ್ತ ಮೇಲೆ ಕಂಪನಿ ಪಡೆ ಮೈಸೂರಿನಲ್ಲಿ ಬೀಡು ಬಿಟ್ಟಿತು. ಅದರ ಖರ್ಚಿಗೆ ಮೈಸೂರೇ ವರ್ಷಕ್ಕೆ 7 ಲಕ್ಷ ವರಹ ಕೊಡಬೇಕು ಅಂತ ಒಪ್ಪಂದ. 1809ರಲ್ಲಿ ಬೆಂಗಳೂರಿನಲ್ಲಿ ದಂಡಿಗೆ ಅಂತ ಬಿಟ್ಟುಕೊಟ್ಟ ಜಾಗ ಮೈಸೂರಿನ ಕೈಗೆ ವಾಪಸ್ ಬಂದಿದ್ದು 1947ರ ಜುಲೈನಲ್ಲಿ.

ಇದೆಲ್ಲ ನನಗೆ ಹೊಳೆದಿದ್ದು ನ್ಯೂಜೆರ್ಸಿಗೆ ಬಂದ ಮೇಲೆ. 2007ರಲ್ಲಿ ಇಲ್ಲಿ ಎಲ್ಲಿ ನೋಡಿದರೂ ಇರಾಕ್ ಮಾತು. ಅಲ್ಲಿದ್ದ ಅಮೆರಿಕದ ಸೈನ್ಯ ವಾಪಸ್ ಕರೆಸಲು ಗಡುವು ಇಟ್ಟು ಇಲ್ಲಿನ ಸಂಸತ್ತು, ಅಂದರೆ ಕಾಂಗ್ರೆಸ್, ಮಸೂದೆ ಕಳಿಸಿತು, ಮೇ 1ರಂದು ಅಧ್ಯಕ್ಷ ಬುಷ್ ಅದಕ್ಕೆ ವೀಟೋ ಹಾಕಿದರು. ಸೆಪ್ಟೆಂಬರಿನಲ್ಲಿ ಇರಾಕಿನಲ್ಲಿದ್ದ ಪಡೆಯ ಮುಖ್ಯಸ್ಥ ಜನರಲ್ ಪೆಟ್ರೇಯಸ್ ಅವರನ್ನು ಕೂರಿಸಿಕೊಂಡು ಎರಡು ದಿನ ಪ್ರಶ್ನೆ ಕೇಳಿದರು. ಟೀವಿಯಲ್ಲಿ ನೇರ ಪ್ರಸಾರ! ಭಾರತದ ಶಾಂತಿಪಾಲನಾ ಪಡೆ ಶ್ರೀಲಂಕಾದಲ್ಲಿದ್ದಾಗ ಸುಮಾರು 1,200 ಯೋಧರು ಸತ್ತರು. ಆಗ ನಮ್ಮ ಮನೆಗೆ ಬಂದಿದ್ದು ರೇಡಿಯೋ ವಾರ್ತೆಯ ಎರಡು ಸಾಲು, ಅಷ್ಟೇ. ಹಾಗಾಗಿ ಇವರ ಈ ಜಗಳಗಂಟತನ ನನಗೆ ಇಷ್ಟವೇ.

ಆದರೆ ಆಫೀಸಿನ ಊಟದ ಮೇಜಿನಲ್ಲಿ ಕೇಳಿಸುತ್ತಿದ್ದ ಮಾತೆಲ್ಲ ನಮ್ಮ ಹುಡುಗರು, ನಮ್ಮ ದುಡ್ಡು, ನಮ್ಮ ಮರ್ಯಾದೆ. ಇರಬೇಕು ಅನ್ನೋರೂ ಹೀಗೇ, ಹೊರಡಬೇಕು ಅನ್ನೋರೂ ಹೀಗೇ. ಮನೆ ಯಾರದ್ದೋ, ಅವರನ್ನು ಕೇಳಿದೆವಾ ಅನ್ನೋ ಮಾತೇ ಇಲ್ಲ. ಕೊನೆಗೆ ಇರಾಕ್ ಸರ್ಕಾರ ಪಟ್ಟು ಹಿಡಿಯಿತು. ಗಡುವೇ ಬೇಡ ಅಂದಿದ್ದ ಬುಷ್ ಅವರ ಸರ್ಕಾರವೇ 2008ರಲ್ಲಿ ಎರಡು ಗಡುವಿಗೆ ಸಹಿ ಹಾಕಿತು. 2009ರ ಜೂನ್ 30ಕ್ಕೆ ಊರುಗಳಿಂದ ಹೊರಗೆ, 2011ರ ಕೊನೆಗೆ ದೇಶದಿಂದಲೇ ಹೊರಗೆ. ಆ ಜೂನ್ 30ಕ್ಕೆ ಇರಾಕಿನಲ್ಲಿ ಸರ್ಕಾರಿ ರಜೆ!

2014ರಲ್ಲಿ ಇರಾಕಿನ ಮೊಸುಲ್ ನಗರ ಐಸಿಸ್ ಉಗ್ರರ ಪಾಲಾದಾಗ ಸಹೋದ್ಯೋಗಿಯೊಬ್ಬ "ನೋಡು, ಅವಸರದಲ್ಲಿ ಬಿಟ್ಟು ಬಂದಿದ್ದಕ್ಕೇ ಹೀಗಾಯಿತು" ಅಂದ. ಸುಮ್ನೆ ತಳ್ಳಿಹಾಕುವ ಮಾತಲ್ಲ. ಆದರೆ ಎಂಟು ವರ್ಷ ತರಬೇತಿ ಕೊಟ್ಟ ಇರಾಕಿ ಪಡೆ ಓಡಿಹೋಯಿತಲ್ಲ, ಒಂಬತ್ತನೇ ವರ್ಷ ಏನು ಪವಾಡ ಮಾಡುತ್ತಿತ್ತು? ಅಫ್ಘಾನಿಸ್ತಾನದಲ್ಲಿ 20 ವರ್ಷ ಇದ್ದರು. ಕೊನೇ ವಿಮಾನ ಹಾರುವ ಎರಡು ವಾರ ಮುಂಚೆಯೇ ಕಾಬೂಲ್ ಬಿತ್ತು.

ನಮ್ಮವರು ಒಂದು ಸಲ ಸರಿಯಾಗಿ ಮಾಡಿದ್ದರು. 1971ರ ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಪಾಕ್ ಸೇನೆ ಶರಣಾಯಿತು. ನಿಮ್ಮ ಸೈನ್ಯ ಯಾವಾಗ ಹೊರಡುತ್ತದೆ ಅಂತ ಬಾಂಗ್ಲಾದೇಶದ ನಾಯಕ ಮುಜೀಬ್ ಕೇಳಿದರು, ಇಂದಿರಾ ಒಪ್ಪಿದರು. ಮಾರ್ಚ್ ಹೊತ್ತಿಗೆ ಢಾಕಾದಲ್ಲಿ ಬೀಳ್ಕೊಡುಗೆ ಪೆರೇಡ್. ಅಲ್ಲಿ ಜನ ನಮ್ಮನ್ನು ಬರಮಾಡಿಕೊಂಡಿದ್ದರು, ಇರಾಕಿಗೂ ಅದಕ್ಕೂ ವ್ಯತ್ಯಾಸ ಇದೆ, ನಿಜ. ಹಾಗಂತ ಬೀಗುವ ಹಾಗೂ ಇಲ್ಲ. 1989ರ ಜುಲೈ ಒಳಗೆ ಹೊರಡಿ ಅಂತ ಶ್ರೀಲಂಕಾದ ಅಧ್ಯಕ್ಷ ಪ್ರೇಮದಾಸ ಅಂದಾಗ ನಾವೂ ಮರ್ಯಾದೆ ಪ್ರಶ್ನೆ ತೆಗೆದೆವು. ಕೊನೇ ಹಡಗು ಹೊರಟಿದ್ದು 1990ರ ಮಾರ್ಚ್‌ನಲ್ಲಿ.

ದಿನ ಗೊತ್ತುಮಾಡುವ ಹಕ್ಕು ಮನೆಯವರದ್ದು, ಅದೂ ಮೊದಲ ವರ್ಷದಲ್ಲೇ. ನಾನು ಹೀಗೆ ಅಂದರೆ ಇಲ್ಲಿನ ಗೆಳೆಯರು ನಗುತ್ತಾರೆ. ಐಸಿಸ್ ವಿರುದ್ಧ ಅಂತ ಮತ್ತೆ ಹೋಗಿದ್ದ ಅಮೆರಿಕದ ಪಡೆ ಹೊರಡಲಿ ಅಂತ 2020ರ ಜನವರಿಯಲ್ಲಿ ಇರಾಕ್ ಸಂಸತ್ತೇ ನಿರ್ಣಯ ಮಾಡಿತು. ಅಲ್ಲಿ ಅಮೆರಿಕ ಕಟ್ಟಿದ ವಾಯುನೆಲೆಗೆ ಸಿಕ್ಕಾಪಟ್ಟೆ ಖರ್ಚಾಗಿದೆ, ಇರಾಕ್ ಆ ದುಡ್ಡು ಕೊಡುವವರೆಗೆ ಹೊರಡಲ್ಲ ಅಂದರು ಆಗಿನ ಅಧ್ಯಕ್ಷ ಟ್ರಂಪ್. ಟೀವಿ ಮುಂದೆ ಕೂತಿದ್ದ ನನಗೆ ಆ 7 ಲಕ್ಷ ವರಹ ನೆನಪಾಯಿತು.